ಕರಿಹೊಳೆಯಿಂದ ಮಾರೋಲೆ

ಹನ್ನೊಂದು ಪ್ರಶ್ನೆ ಕಳಿಸಿದ್ದೀರಿ, ಸೆನ್ಯೋರ್ ಟೋರ್ಕೆಲ್,
ಒಂದೊಂದಕ್ಕೂ ಅಂಕಿ ಹಾಕಿ, ಕೆಳಗೆ ಗೆರೆ ಎಳೆದು.
ಅಪ್ಪನಿಗೆ ಓದಿ ಹೇಳಿದೆ.
ಡಬ್ಬಿಯೊಳಗೆ ಕೊಕ್ಕೆ ತಡಕುತ್ತ ಕೂತಿದ್ದವ
ಎರಡಕ್ಕೆ ನಕ್ಕ, ಒಂದಕ್ಕೆ ಉಗುಳಿದ,
ಉಳಿದವಕ್ಕೆ 'ನೀನೇ ಬರಿ' ಅಂದ.
ಬರೆಯುತ್ತಿದ್ದೇನೆ.

ಯಾವ ತಿಂಗಳು ಬರಲಿ ಎಂದಿರಿ.
ನಮ್ಮ ಮನೆ ನಿಂತಿರುವುದು ಮರದ ಕಾಲುಗಳ ಮೇಲೆ.
ಹೊಳೆ ಕಡೆಯ ಕಾಲಿಗೆ ಮೊಳೆ ಹೊಡೆದಿದ್ದಾನೆ ಅಪ್ಪ,
ವರ್ಷಕ್ಕೊಂದು, ನೀರು ಏರಿ ನಿಂತಷ್ಟು ಎತ್ತರಕ್ಕೆ.
ಈಗ ನೀರು ನನ್ನ ತಮ್ಮ ಎದಿವಾನ್ ಹುಟ್ಟಿದ ವರ್ಷದ ಮೊಳೆ ಮುಚ್ಚಿದೆ.
ಅದು ಇಳಿಯಬೇಕು.
ಕಾಡಿನೊಳಗೆ ಹೊಕ್ಕ ತುಕುನರೆ ಮೀನು
ಬೇರುಗಳ ಜೊತೆ ನೆಂಟಸ್ತಿಕೆ ಮುಗಿಸಿ ಹೊರಬೀಳಬೇಕು,
ಮರಳು ಬೆನ್ನು ತೋರಿಸಬೇಕು.
ನವೆಂಬರ್ ಅನ್ನಬಹುದು. ಆದರೆ ಮಳೆ ಹೊಯ್ಯುವುದು ಮೇಲೆ,
ಗಡಿಯಾಚೆ, ನಾವ್ಯಾರೂ ಕಾಣದ ಊರುಗಳಲ್ಲಿ.
ಅಲ್ಲಿನ ಮೋಡಕ್ಕೆ ನಿಮ್ಮ ಟಿಕೆಟ್ಟಿನ ತಾರೀಕು ಯಾರು ಹೇಳಬೇಕು?

ದಿನಕ್ಕೆ ಎಷ್ಟು ಮೀನು ಖಾತ್ರಿ? ನಕ್ಕಿದ್ದು ಇದಕ್ಕೆ.
ಖಾತ್ರಿ ಬೇಕೆಂದರೆ ಇಷ್ಟು ಕೊಡಬಲ್ಲೆ:
ಇಂಜಿನ್ನು ಒಮ್ಮೆಯಾದರೂ ಕೆಡುತ್ತದೆ.
ನಿಮ್ಮ ಬೆವರು ನೆಕ್ಕಲು ಸಣ್ಣ ಜೇನು ಬರುತ್ತವೆ, ಕಚ್ಚುವುದಿಲ್ಲ.
ಬೆಳಕು ಹರಿಯುವ ಮುಂಚೆ ಕಾಫಿ ಸಿಗುತ್ತದೆ, ಸಕ್ಕರೆ ಹೆಚ್ಚೇ.

ಸೊಳ್ಳೆಯ ಬಗ್ಗೆ ಹೆದರಬೇಡಿ.
ನಮ್ಮದು ಕರಿನೀರು, ಹಾಲು ಹಾಕದ ಚಹಾದ ಬಣ್ಣ;
ಈ ಹುಳಿ ನೀರಲ್ಲಿ ಅವು ಸಂಸಾರ ಹೂಡುವುದು ಕಡಿಮೆ.
ಊಟ ಚಿಕ್ಕಮ್ಮ ನೈರ್ಲಾಳದು. ಅನ್ನ, ಹುರುಳಿಕಾಳು,
ಮೇಲೆ ಉದುರಿಸಲು ಹುರಿದ ಮರಗೆಣಸಿನ ನುಚ್ಚು.
ಹಲ್ಲು ಗಟ್ಟಿಯಿರಲಿ.

ಹಿಡಿದ ಮೀನನ್ನು ಬಿಡುತ್ತೀರಿ ತಾನೇ, ಎಂದು ಒಂಬತ್ತನೆಯದು.
ಉಗುಳಿದ್ದು ಇಲ್ಲಿ. ತಪ್ಪು ತಿಳಿಯಬೇಡಿ.
ಬಿಡುತ್ತೇವೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ
ಚಪ್ಪಟೆ ಮಾಡಿಯೇ ಕೊಡುತ್ತೇವೆ.
ಅಜ್ಜಿ ಮಾತ್ರ ಸಾಯುವವರೆಗೂ ಕೇಳುತ್ತಿದ್ದಳು:
ಅಷ್ಟು ದೂರದಿಂದ ಬಂದು, ಕೈಗೆ ಬಂದದ್ದನ್ನು
ನೀರಿಗೇ ಒಪ್ಪಿಸಿ ಹೋಗುತ್ತಾರಲ್ಲ,
ಪಾಪ, ಅವರ ಮನೆಯಲ್ಲಿ ಯಾರು ಹೋಗಿರಬಹುದು?

ಹಣ ಅರ್ಧ ಮುಂಗಡ. ಪೆಟ್ರೋಲು ಪೀಪಾಯಿ ಲೆಕ್ಕ,
ವಾರದ ಹಡಗಿನಲ್ಲಿ ಬರಬೇಕು; ಮಂಜುಗಡ್ಡೆಯೂ,
ದಾರಿಯಲ್ಲೇ ಅರ್ಧ ಕರಗಿ.
ನೀವು ಬರುವ ದೋಣಿಯಲ್ಲಿ ಒಬ್ಬಳು ಬಸುರಿ ಇರಬಹುದು,
ಇಲ್ಲವೇ ಶಾಲೆಯ ಕಪ್ಪು ಹಲಗೆ, ಎರಡು ಹಂದಿಮರಿ.
ಬರೀ ಒಬ್ಬರಿಗೆಂದು ಇಲ್ಲಿ ಯಾರೂ ದೋಣಿ ಬಿಡುವುದಿಲ್ಲ.

ಗೈಡು ಯಾರು, ಅನುಭವ ಎಷ್ಟು?
ದೋರ್ವಲಿನೊ. ನಲವತ್ತೊಂದು ವರ್ಷ.
ಆಚೆ ದಡದ ನೆರಳಲ್ಲಿ ನೀರು
ಬಟ್ಟಲಿನಷ್ಟು ಕುಳಿಬಿದ್ದರೂ 'ಅಗೋ' ಎನ್ನುತ್ತಿದ್ದವ.
ಎನ್ನುತ್ತಿದ್ದವ ಎಂದು ಬರೆದು, ಹೊಡೆದುಹಾಕಿದೆ.
ಎನ್ನುತ್ತಾನೆ.

ಹೋದ ಸಲ ತೇಲುವ ಎಲೆಗೆ ಗಾಳ ಬೀಸಿಸಿದ.
ಅತಿಥಿಗೆ ತಿಳಿಯಲಿಲ್ಲ, ಎದಿವಾನ್ ಹುಟ್ಟು ಹಾಕುವುದು ಮರೆತ.
ಮರುದಿನದಿಂದ ಅವನ ಹಿಂದೆ ನಾನು ನಿಂತೆ.
ಬೆನ್ನಿಗೆ ಒಂದು ಬೆರಳು ಎಂದರೆ ಎಡಕ್ಕೆ, ಎರಡು ಬಲಕ್ಕೆ.
'ಅಗೋ' ಎಂದು ಕೂಗುವವನು ಈಗಲೂ ಅವನೇ.
ಅತಿಥಿಗಳು ಚಪ್ಪಾಳೆ ತಟ್ಟಿದರು.
ಈ ಸಾಲುಗಳು ಓಲೆಯಲ್ಲಿಲ್ಲ, ಸೆನ್ಯೋರ್.

ಕೊನೆಯದು, ಏನೇನು ತರಬೇಕು:
ತೋಳು ಉದ್ದದ ಅಂಗಿ, ಕಿವಿ ಮುಚ್ಚುವ ಟೋಪಿ,
ಒದ್ದೆಯಾದರೂ ಒಣಗುವ ಬೂಟು,
ನೀರಿನ ಕೋರೈಸುವ ಹೊಳಪು ತಡೆಯುವ ಕಪ್ಪು ಕನ್ನಡಕ, ಎರಡು.
ಓದಿ ಹೇಳಿದೆ.
'ಎರಡ್ಯಾಕೆ? ಅವನಿಗೇನು ನಾಲ್ಕು ಕಣ್ಣೇ?'
ಒಂದು ಹೊಳೆಗೆ ಬೀಳುತ್ತದಪ್ಪ, ಅಂದೆ.
'ಹೌದು, ಬಿದ್ದೇ ಬೀಳುತ್ತದೆ' ಅಂದ,
ಒಂದು ಕೈಯಲ್ಲಿ ಕೊಕ್ಕೆ, ಇನ್ನೊಂದರಲ್ಲಿ ದಾರ,
ಎರಡನ್ನೂ ನನ್ನ ಕಡೆ ಚಾಚಿದ,
ಪೋಣಿಸಿಕೊಡು ಎನ್ನದೆ.